ಮದುವೆ ನಿಜದ್ದು ಅಂತ ಕೆನಡಾದ ಅಧಿಕಾರಿಗೆ ಹೇಗೆ ತೋರಿಸುವುದು?

ಹುಲೇಕಲ್ ರಸ್ತೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನವಳು. ಹುಲೇಕಲ್ ಕಡೆ ನಮ್ಮ ಮನೆ, ಅಡಿಕೆ ತೋಟ ಇದೆ. ಗಂಡನ ಮನೆ ಕುಮಟಾ ಹತ್ತಿರ. ಅವರು ಎಡ್ಮಂಟನ್‌ನಲ್ಲಿ ಕೆಲಸದಲ್ಲಿದ್ದಾರೆ, ಪಿಆರ್ (ಅಲ್ಲಿ ಕಾಯಂ ಆಗಿ ಇರುವ ಅನುಮತಿ) ಆಗಿದೆ. ಈ ಬೇಸಿಗೆಯಲ್ಲಿ ನಮ್ಮ ಮದುವೆ ಆಯಿತು. ಈಗ ನನ್ನನ್ನು ಕರೆಸಿಕೊಳ್ಳಲು ಅವರು ಸ್ಪಾನ್ಸರ್ ಅರ್ಜಿ ಹಾಕಬೇಕು.

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಅವರ ದೊಡ್ಡಮ್ಮನನ್ನು ನಮ್ಮ ಊರಿಗೇ ಕೊಟ್ಟಿದ್ದಾರೆ. ನಮ್ಮ ಆಯಿ ಹತ್ತಿರ ಮೊದಲು ವಿಷಯ ತೆಗೆದದ್ದು ಅವರೇ. ಜಾತಕ ಕೂಡಿತು. ಕೆಲವು ತಿಂಗಳು ವಿಡಿಯೋದಲ್ಲಿ ಮಾತಾಡಿದೆವು. ಆಮೇಲೆ ಅವರು ರಜೆಗೆ ಬಂದಾಗ ನಮ್ಮ ಮನೆಗೆ ಬಂದರು. ಅದೇ ರಜೆಯಲ್ಲಿ ನಿಶ್ಚಿತಾರ್ಥವೂ ಆಯಿತು, ಮದುವೆಯೂ ಆಯಿತು. ಮನೆ ಅಂಗಳದಲ್ಲೇ ಚಪ್ಪರ ಹಾಕಿದ್ದೆವು. ರಜೆ ಮುಗಿಯಿತು, ಅವರು ಹೊರಟರು. ಹನಿಮೂನ್ ಅಂತ ಎಲ್ಲೂ ಹೋಗಲಿಲ್ಲ. ಗೋಕರ್ಣ, ಇಡಗುಂಜಿಗೆ ಹೋಗಿ ಬಂದೆವು. ಅತ್ತೆ, ಮಾವ ಜೊತೆಗಿದ್ದರು. ಉಳಿದ ದಿನವೆಲ್ಲ ನೆಂಟರ ಮನೆ ಊಟ.

ಹುಬ್ಬಳ್ಳಿಯ ಒಬ್ಬ ಏಜೆಂಟ್ ಹತ್ತಿರ ಕೇಳಿದೆವು. ಅವರು ಎಲ್ಲ ನೋಡಿ 'ಇದು ವೀಕ್ ಕೇಸ್' ಅಂದರು. ಇಬ್ಬರೇ ಇರುವ ಫೋಟೋ ಕಡಿಮೆ. ಜಂಟಿ ಖಾತೆ ಇಲ್ಲ. ನನ್ನ ಆಧಾರ್‌ನಲ್ಲಿ ಇನ್ನೂ ಅಪ್ಪನ ಮನೆ ವಿಳಾಸ. ವಯಸ್ಸಿನ ಅಂತರ ಎಂಟು ವರ್ಷ. ಅವರು ದುಡ್ಡು ಕಳಿಸುವುದು ಮಾವನ ಖಾತೆಗೆ, ನನ್ನ ಖಾತೆಗಲ್ಲ. ವಾಟ್ಸಾಪ್‌ನಲ್ಲಿ ಬರೆದದ್ದೂ ಸ್ವಲ್ಪವೇ. ನಮಗೆ ಮಾತೇ ಜಾಸ್ತಿ. ಇಲ್ಲಿ ರಾತ್ರಿ ಎಂಟೂವರೆ ಆದಾಗ ಅಲ್ಲಿ ಬೆಳಿಗ್ಗೆ ಒಂಬತ್ತು, ಆ ಹೊತ್ತಿಗೆ ಅವರ ಕಾಲ್ ಬರುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಯಿತು ಅಂದರೆ ಟವರ್ ಕೂಡ ಹೋಯಿತು ಅಂತಲೇ ಲೆಕ್ಕ. ಆಷಾಢದಲ್ಲಿ ಎಷ್ಟೋ ದಿನ ಕಾಲ್ ಬಂದೇ ಇಲ್ಲ.

ಅದಕ್ಕೆ ಏಜೆಂಟ್ ಹೇಳುವ ಉಪಾಯ ಹೀಗಿದೆ. ನಮ್ಮ ಮನೆಯವರು ಮುಂದಿನ ಸಲ ರಜೆಗೆ ಬಂದಾಗ ಮುರ್ಡೇಶ್ವರ, ಓಂ ಬೀಚ್‌ಗೆ ಹೋಗಿ ಬೇರೆ ಬೇರೆ ಬಟ್ಟೆ ಹಾಕಿಕೊಂಡು ಫೋಟೋ ತೆಗೆಸಬೇಕಂತೆ. ಅವಕ್ಕೆ ಬೇರೆ ಬೇರೆ ತಿಂಗಳ ತಾರೀಖು ಹಾಕಿ ಕೊಡುತ್ತಾರಂತೆ. ಇದನ್ನು ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ. ನಮ್ಮ ಮದುವೆಗೆ ಊರಿಗೆ ಊರೇ ಬಂದು ಉಂಡು ಹೋಗಿದೆ. ನಿಜವಾದ ಮದುವೆಗೆ ಸುಳ್ಳು ಫೋಟೋ ಯಾಕೆ ಬೇಕು? ಹಾಗಂತ ಅರ್ಜಿ ತಿರಸ್ಕಾರ ಆದರೆ ಏನು ಗತಿ ಅಂತ ಹೆದರಿಕೆಯೂ ಇದೆ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಾಡದ ಹುಡುಗ:

ಅಕ್ಕಾ, ಖಾತೆ ವಿಷಯ ಮಾತ್ರ ನನಗೆ ಗೊತ್ತು, ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಭಾವನವರಿಗೆ ಇಲ್ಲಿ ಎನ್‌ಆರ್‌ಒ ಖಾತೆ (ವಿದೇಶದಲ್ಲಿರುವವರು ಇಲ್ಲಿ ಇಡುವ ರೂಪಾಯಿ ಖಾತೆ) ಇದ್ದರೆ ಅದಕ್ಕೆ ನಿಮ್ಮ ಹೆಸರನ್ನು 'ಫಾರ್ಮರ್ ಆರ್ ಸರ್ವೈವರ್' ಅಂತ, ಅಂದರೆ ಅವರಿರುವವರೆಗೆ ಅವರೇ ನಡೆಸುವ, ಆಮೇಲೆ ನಿಮಗೆ ಬರುವ ಹಾಗೆ, ಸೇರಿಸಬಹುದು. ಅದು ಆಗುವವರೆಗೆ ಇಬ್ಬರ ಖಾತೆಗೂ ಒಬ್ಬರಿಗೊಬ್ಬರು ನಾಮಿನಿ ಆಗಿ. ಎಲ್‌ಐಸಿ ಪಾಲಿಸಿ ಇದ್ದರೆ ಅಲ್ಲೂ ನಾಮಿನಿ ಬದಲಿಸಿ. ಮದುವೆಯಾದ ಮೇಲೆ ಎಲ್ಲರೂ ಮಾಡುವ ಕೆಲಸವೇ ಇದು, ವೀಸಾಕ್ಕೆ ಅಂತ ಅಲ್ಲ. ಬ್ಯಾಂಕಿನಿಂದ ಅದರ ಸ್ವೀಕೃತಿ ಕೇಳಿ ಇಟ್ಟುಕೊಳ್ಳಿ.

ಶರಾವತಿ ದಂಡೆ:

ತಂಗಿ, ನಾನು ಹೊನ್ನಾವರದವಳು, ಈಗ ವಿನ್ನಿಪೆಗ್‌ನಲ್ಲಿದ್ದೇನೆ. ನಮ್ಮದೂ ನೋಡಿ ಮಾಡಿದ ಮದುವೆ, ಒಂದೇ ರಜೆಯಲ್ಲಿ ಮುಗಿದದ್ದು. ಒಂದೂ ಸುಳ್ಳು ಹಾಕದೆ ವೀಸಾ ಬಂತು. ನಿನ್ನ ಪ್ರಶ್ನೆ ಓದಿ ಕೆಲಸ ಬಿಟ್ಟು ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಓದು.

ಮೊದಲು ಆ ಏಜೆಂಟ್ ವಿಷಯ. ಒಂದು ದಿನ ತೆಗೆದ ಫೋಟೋಕ್ಕೆ ಬೇರೆ ತಾರೀಖು ಹಾಕಿದರೆ ಅದು ಕೆನಡಾ ಕಾನೂನಿನಲ್ಲಿ ಸುಳ್ಳು ಮಾಹಿತಿ. ಅಲ್ಲಿನ ವಲಸೆ ಕಾಯ್ದೆಯ 40ನೇ ಸೆಕ್ಷನ್ ಓದಿ ನೋಡು. ಸಿಕ್ಕಿಬಿದ್ದರೆ 5 ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ಮದುವೆ ಎಷ್ಟೇ ನಿಜ ಇದ್ದರೂ ಆ ಒಂದು ಫೋಟೋದಿಂದ ಎಲ್ಲ ಹಾಳು. ಇನ್ನೊಂದು ಮಾತು. ದುಡ್ಡು ತೆಗೆದುಕೊಂಡು ಈ ಕೆಲಸ ಮಾಡುವವರಿಗೆ ಲೈಸೆನ್ಸ್ ಬೇಕು. ಕೆನಡಾದ ವಕೀಲರಲ್ಲದಿದ್ದರೆ ಅಲ್ಲಿನ ಕಾಲೇಜ್ ಆಫ್ ಇಮಿಗ್ರೇಷನ್ ಆ್ಯಂಡ್ ಸಿಟಿಜನ್‌ಶಿಪ್ ಕನ್ಸಲ್ಟಂಟ್ಸ್ ಪಟ್ಟಿಯಲ್ಲಿ ಹೆಸರು ಇರಬೇಕು. ಪಟ್ಟಿ ನೆಟ್‌ನಲ್ಲೇ ಇದೆ, ಹುಡುಕಿ ನೋಡು.

ಈಗ ಅಧಿಕಾರಿ ಏನು ನೋಡುತ್ತಾರೆ ಅಂತ ತಿಳಿದುಕೋ. ಅವರ ಎದುರು ಎರಡು ಪ್ರಶ್ನೆ ಇರುತ್ತವೆ. ಈ ಮದುವೆ ನಿಜದ್ದಾ? ಮುಖ್ಯವಾಗಿ ಕೆನಡಾಕ್ಕೆ ಬರುವುದಕ್ಕೇ ಮಾಡಿಕೊಂಡದ್ದಾ? 2010ರಿಂದ ಇವೆರಡರಲ್ಲಿ ಒಂದರಲ್ಲಿ ಸೋತರೂ ಸಾಕು, ಅರ್ಜಿ ತಿರಸ್ಕಾರ. ಹಾಗಾಗಿ ಈಗ ಚೆನ್ನಾಗಿದ್ದೇವೆ ಅಂತ ತೋರಿಸಿದರೆ ಸಾಲದು. ಮದುವೆ ಗೊತ್ತಾದ ರೀತಿಯನ್ನೂ ಹೇಳಬೇಕು. ದೊಡ್ಡಮ್ಮ ಯಾವಾಗ ಕೇಳಿದರು, ಜಾತಕ ಯಾರು ನೋಡಿದರು, ನೀನು ಯಾಕೆ ಒಪ್ಪಿದೆ, ಅವರು ಯಾಕೆ ಒಪ್ಪಿದರು, ಎಲ್ಲ ಹೇಳು. ಬರೀ 'ಮನೆಯವರು ನಿಶ್ಚಯ ಮಾಡಿದರು' ಅಂತ ಬರೆದು ಬಿಟ್ಟರೆ ಅಲ್ಲಿ ನೀನು ಕಾಣುವುದೇ ಇಲ್ಲ. ಅವರೊಡನೆ ಮಾತಾಡಿದ ಮೇಲೆ ನಿನಗೆ ಏನು ಹಿಡಿಸಿತು? ತೋಟದ ಬಗ್ಗೆ ಕೇಳಿದರಾ, ಓದು ಮುಂದುವರಿಸು ಅಂದರಾ? ಅದನ್ನೇ ಬರೆ. ವಯಸ್ಸಿನ ಅಂತರವನ್ನೂ ಮುಚ್ಚಬೇಡ. ಎರಡೂ ಮನೆಯವರಿಗೆ ಅದು ಮೊದಲೇ ಗೊತ್ತಿತ್ತು, ನೀವಿಬ್ಬರೂ ಮಾತಾಡಿಕೊಂಡು ಒಪ್ಪಿದ್ದು ಅಂತ ಹೇಳಿದರೆ ಮುಗಿಯಿತು.

ಇದನ್ನೆಲ್ಲ ಬರೆಯುವ ಜಾಗ ಐಎಂಎಂ 5532 ಅನ್ನುವ ಫಾರಂ. ಅದರಲ್ಲಿ ಗಂಡನ ಭಾಗ ಬೇರೆ, ಹೆಂಡತಿಯ ಭಾಗ ಬೇರೆ. ಇಬ್ಬರೂ ಬರೆದಾದ ಮೇಲೆ ವಿಡಿಯೋ ಹಚ್ಚಿಕೊಂಡು ತಾರೀಖು, ಊರಿನ ಹೆಸರು ತಾಳೆ ನೋಡಿ. ನಿಶ್ಚಿತಾರ್ಥ ಹಳದೀಪುರದಲ್ಲಿ ಅಂತ ಒಬ್ಬರು, ಹೊನ್ನಾವರದಲ್ಲಿ ಅಂತ ಇನ್ನೊಬ್ಬರು ಬರೆದರೆ ನಮಗೆ ಅದು ಒಂದೇ. ದೂರದಲ್ಲಿ ಕೂತು ಓದುವವರಿಗೆ ಅವು ಎರಡು ಊರು. ಮಾತುಗಳನ್ನು ಮಾತ್ರ ನಕಲು ಮಾಡಬೇಡಿ. ಇಬ್ಬರ ಉತ್ತರವೂ ಒಂದೇ ವಾಕ್ಯದಲ್ಲಿದ್ದರೆ ಮೂರನೆಯವರು ಬರೆದುಕೊಟ್ಟ ಹಾಗೆ ಕಾಣುತ್ತದೆ.

ಫೋಟೋ ಹೆಚ್ಚೆಂದರೆ 20 ಅಂತ ಅರ್ಜಿಯ ಜೊತೆ ಕೊಡಬೇಕಾದ ಕಾಗದಗಳ ಪಟ್ಟಿಯಲ್ಲೇ ಇದೆ. ಇಡೀ ಆಲ್ಬಂ ಕಳಿಸುವ ಹಾಗಿಲ್ಲ. ಇಬ್ಬರೇ ನಿಂತ ಫೋಟೋ ಇಲ್ಲ ಅಂತ ಕೊರಗಬೇಡ. ನಮ್ಮ ಕಡೆ ಮದುವೆಯಲ್ಲಿ ಗಂಡ ಹೆಂಡತಿ ಇಬ್ಬರೇ ನಿಲ್ಲುವುದು ಯಾವಾಗ ಹೇಳು? ಜನ ತುಂಬಿದ ಫೋಟೋವೇ ನಿನ್ನ ಬಲ. ಧಾರೆ, ಸಪ್ತಪದಿ, ಅಜ್ಜನ ಕಾಲಿಗೆ ಬಿದ್ದದ್ದು, ಕುಮಟಾದ ಮನೆಗೆ ಹೊಕ್ಕಿದ್ದು, ಇಡಗುಂಜಿಯಲ್ಲಿ ಅತ್ತೆ ಮಾವನ ಜೊತೆ ನಿಂತದ್ದು, ನೆಂಟರ ಮನೆ ಜಗಲಿಯಲ್ಲಿ ಊಟಕ್ಕೆ ಕೂತದ್ದು, ಇಂಥವು. ಒಂದೊಂದರ ಕೆಳಗೂ ತಾರೀಖು, ಊರು, ಎಡದಿಂದ ಬಲಕ್ಕೆ ಯಾರು ಯಾರು ಅಂತ ಬರೆ. ಅಣ್ಣ ತಮ್ಮಂದಿರು, ಅಪ್ಪ ಅಮ್ಮ ಎರಡೂ ಕಡೆಯಿಂದ ಕಾಣಬೇಕು. ಹತ್ತಿರದವರು ಯಾರಾದರೂ ಬಂದಿರದಿದ್ದರೆ ಯಾಕೆ ಅಂತಲೂ ಹೇಳಬೇಕು.

ಚಾಟ್, ಮೆಸೇಜ್ ಹೆಚ್ಚೆಂದರೆ 10 ಪುಟ. ಇದೂ ನಿನಗೆ ಒಳ್ಳೆಯದೇ. ಬರೆದದ್ದು ಸ್ವಲ್ಪವಾದರೂ ತಿಂಗಳಿಗೆ ಒಂದಿಷ್ಟು ಆರಿಸಿದರೆ ಪುಟ ತುಂಬುತ್ತದೆ. 'ಅಡಿಕೆ ಕೊನೆ ಇಳಿಸಿದರಾ', 'ಮಾವನ ಬಿಪಿ ಎಷ್ಟಿದೆ', 'ಸಂಬಳ ಬಂತು, ಇಷ್ಟು ಹಾಕಿದ್ದೇನೆ', ಇಂಥ ಮಾತೇ ಆರಿಸು. ಒಂದು ಸಂಸಾರ ನಡೆಯುತ್ತಿದೆ ಅಂತ ಗೊತ್ತಾಗುವುದು ಇಂಥದ್ದರಲ್ಲಿ. ಕಾಲ್ ಲಿಸ್ಟ್‌ನ ಸ್ಕ್ರೀನ್‌ಶಾಟ್ ಕೂಡ ಸೇರಿಸು. ಆಷಾಢದ ಖಾಲಿ ದಿನಗಳಿಗೆ ಒಂದು ಪ್ಯಾರಾ ಸಾಕು: ಮಳೆ, ಕರೆಂಟ್ ಇಲ್ಲ, ಟವರ್ ಇಲ್ಲ. ಆಷಾಢಕ್ಕೆ ತವರಿಗೆ ಬಂದಿದ್ದರೆ ಅದನ್ನೂ ಬಿಡಿಸಿ ಹೇಳು. ಹೊಸ ಮದುಮಗಳು ಆ ತಿಂಗಳು ತವರಲ್ಲಿ ಇರುವುದು ನಮ್ಮ ಪದ್ಧತಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹೇಳದಿದ್ದರೆ ಮದುವೆಯಾಗಿ ಎರಡೇ ತಿಂಗಳಿಗೆ ಗಂಡನ ಮನೆ ಬಿಟ್ಟಳು ಅಂತ ಓದಿಕೊಳ್ಳಬಹುದು.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಮದುವೆಯ ಹೊತ್ತಿಗೆ ತನ್ನಷ್ಟಕ್ಕೆ ಹುಟ್ಟಿದ ಕಾಗದ ಇರುತ್ತದಲ್ಲ, ಅದನ್ನು ಹುಡುಕು. ಅಡುಗೆ ಭಟ್ಟರಿಗೆ ಕೊಟ್ಟ ಮುಂಗಡದ ಚೀಟಿ, ಶಾಮಿಯಾನದವರ ಬಿಲ್ಲು, ಕರಿಮಣಿ ಮಾಡಿಸಿದ ಬಂಗಾರದ ಅಂಗಡಿ ಬಿಲ್ಲು, ಫೋಟೋದವರ ರಸೀದಿ, ಮದುವೆಗೆ ಕರೆದ ಕಾಗದ, ಅವರ ವಿಮಾನದ ಟಿಕೆಟ್, ಪಾಸ್‌ಪೋರ್ಟ್‌ನ ಸೀಲು. ನಮ್ಮ ಮನೆಯಲ್ಲಿ ಮುಯ್ಯಿ ಪಟ್ಟಿ ಇತ್ತು. ಚಿಕ್ಕಪ್ಪ ಚಪ್ಪರದ ಬಾಗಿಲಲ್ಲಿ ಕೂತು ಬರೆದ ನೋಟ್‌ಬುಕ್. ಯಾರು, ಯಾವ ಊರು, ಎಷ್ಟು ಅಂತ ಸಾಲು ಸಾಲು. ಊಟ ಬಡಿಸುವ ಗಡಿಬಿಡಿಯಲ್ಲಿ ಒಂದೆರಡು ಕಡೆ ಸಾರಿನ ಕಲೆ ಕೂಡ ಬಿದ್ದಿತ್ತು. ಅದರ ಕೆಲವು ಪುಟ ಅನುವಾದ ಮಾಡಿಸಿ ಹಾಕಿದೆವು. ಎಷ್ಟು ಜನ ಬಂದಿದ್ದರು ಅಂತ ಫಾರಂನಲ್ಲಿ ಬರೆದದ್ದಕ್ಕೆ ಅದು ಆಧಾರ ಆಯಿತು. ವೀಸಾ ಅನ್ನುವ ಮಾತು ಯಾರ ತಲೆಯಲ್ಲೂ ಇಲ್ಲದ ದಿನ ಬರೆದ ಪುಸ್ತಕ ಅದು. ಆಮೇಲೆ ಕೂತು ಮಾಡಿಸಿದ ಯಾವ ಅಫಿಡವಿಟ್‌ಗೂ ಆ ತೂಕ ಬರುವುದಿಲ್ಲ ಅಂತ ನನ್ನ ನಂಬಿಕೆ.

ಕನ್ನಡದಲ್ಲಿ ಇರುವುದೆಲ್ಲ ಇಂಗ್ಲಿಷ್ ಅಥವಾ ಫ್ರೆಂಚ್‌ಗೆ ಅನುವಾದ ಆಗಬೇಕು. ನೀನಾಗಲಿ, ಗಂಡನಾಗಲಿ, ಮನೆಯವರಾಗಲಿ ಮಾಡುವ ಹಾಗಿಲ್ಲ. ಹೊರಗಿನವರು ಮಾಡಿ ಅಫಿಡವಿಟ್ ಕೊಡಬೇಕು. ಚಾಟ್‌ಗೂ ಇದೇ ನಿಯಮ.

ಮಾವನ ಖಾತೆಗೆ ದುಡ್ಡು ಹೋಗುವುದು ತಪ್ಪಲ್ಲ, ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹಾಗೇ. ಮಾವನವರ ಹತ್ತಿರ ಒಂದು ಪತ್ರ ಬರೆಸು: ಮಗ ಕಳಿಸುವ ದುಡ್ಡಿನಲ್ಲಿ ಸೊಸೆಯ ಖರ್ಚು ಇಂತಿಂಥದ್ದು ಅಂತ. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್. ಕೆನಡಾ ಕಡೆಯ ಕಾಗದಗಳನ್ನು ತುಂಬಾ ಜನ ಮರೆಯುತ್ತಾರೆ. ಮದುವೆಯಾದ ಮುಂದಿನ ತಿಂಗಳು ಮುಗಿಯುವುದರೊಳಗೆ ನಿನ್ನ ಗಂಡ ಅಲ್ಲಿನ ಆದಾಯ ತೆರಿಗೆ ಇಲಾಖೆಗೆ, ಅಂದರೆ ಸಿಆರ್‌ಎಗೆ, ಮದುವೆಯಾಗಿದೆ ಅಂತ ತಿಳಿಸಬೇಕು. ತಿಳಿಸಿದ್ದಾರಾ ಕೇಳು. ಇಲ್ಲದಿದ್ದರೆ ಇವತ್ತೇ ತಿಳಿಸಲಿ. ಸ್ಪಾನ್ಸರ್ ಅರ್ಜಿಯಲ್ಲಿ ವಿವಾಹಿತ, ತೆರಿಗೆ ಲೆಕ್ಕದಲ್ಲಿ ಅವಿವಾಹಿತ ಅಂತ ಇದ್ದರೆ ಕೆಟ್ಟದಾಗಿ ಕಾಣುತ್ತದೆ. ಕಂಪನಿಯ ವಿಮೆಯಲ್ಲಿ, ತುರ್ತು ಸಂಪರ್ಕದ ಜಾಗದಲ್ಲಿ ನಿನ್ನ ಹೆಸರು ಬರಲಿ.

ದೊಡ್ಡಮ್ಮನ ಹತ್ತಿರ, ಪುರೋಹಿತರ ಹತ್ತಿರ ಒಂದೊಂದು ಪತ್ರ ತೆಗೆದುಕೋ. ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಅವರು ಬರೆಯಲಿ. 'ಇಬ್ಬರೂ ತುಂಬಾ ಪ್ರೀತಿಯಿಂದ ಇದ್ದಾರೆ' ಅಂತ ಹತ್ತು ಜನ ಬರೆದರೂ ಅಧಿಕಾರಿಗೆ ಅದರಿಂದ ಹೊಸದೇನೂ ಗೊತ್ತಾಗುವುದಿಲ್ಲ.

ಒಂದು ಸಮಾಧಾನದ ಮಾತು ಹೇಳುತ್ತೇನೆ. 2010ರಲ್ಲಿ ಗಿಲ್ ಅನ್ನುವವರ ಕೇಸಿನಲ್ಲಿ ಕೆನಡಾದ ಫೆಡರಲ್ ಕೋರ್ಟ್ ಇದನ್ನೇ ಹೇಳಿದೆ. ಹಿರಿಯರು ನೋಡಿ ಮಾಡಿದ ಮದುವೆಯನ್ನು ಪಶ್ಚಿಮದ ಮದುವೆಯ ಅಳತೆಯಲ್ಲಿ ಅಳೆಯಬಾರದು, ಹಾಗೆ ಅಳೆದರೆ ಅದು ಸಹಜವಾಗಿಯೇ ನಿಜವಲ್ಲದ್ದರ ಹಾಗೆ ಕಾಣುತ್ತದೆ ಅಂತ. ಬೇಗ ಮದುವೆಯಾದದ್ದು, ಹನಿಮೂನ್‌ಗೆ ಹೋಗದಿದ್ದದ್ದು ನಿನ್ನ ಕುಂದಲ್ಲ. ಆದರೆ ನಮ್ಮಲ್ಲಿ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುವ ಕೆಲಸ ನಿನ್ನದು. ಅದನ್ನು ಅಧಿಕಾರಿ ಊಹಿಸಲಿ ಅಂತ ಬಿಡಬೇಡ.

ಕೋಡಿಬಾಗ ವಕೀಲ:

ಮೇಲಿನ ತಂಗಿ ಬರೆದದ್ದು ಸರಿಯಾಗಿದೆ. ನಾನು ಕಾರವಾರದಲ್ಲಿ ವಕೀಲಿ ಮಾಡುವವನು. ಮದುವೆ ನೋಂದಣಿಯ ಬಗ್ಗೆ ಮಾತ್ರ ನಾಲ್ಕು ಮಾತು ಸೇರಿಸುತ್ತೇನೆ. ಇದನ್ನು ಓದುವ ಬೇರೆ ಮನೆಯವರಿಗೂ ಬೇಕಾಗಬಹುದು.

ಈಚೆಗೆ ವೀಸಾ ಅವಸರಕ್ಕೆ ಮೊದಲು ರಿಜಿಸ್ಟರ್ ಮಾಡಿಸಿ, ಮದುವೆ ಮುಂದಿನ ವರ್ಷ ಮಾಡಿದರಾಯಿತು ಅನ್ನುವವರು ಜಾಸ್ತಿ ಆಗಿದ್ದಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಇದು ನಡೆಯುವುದಿಲ್ಲ. 1955ರ ಆ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಪದ್ಧತಿಯಂತೆ ವಿಧಿ ನಡೆಯಬೇಕು. ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. 8ನೇ ಸೆಕ್ಷನ್ ನೋಂದಣಿ ಅದಕ್ಕೆ ದಾಖಲೆ ಅಷ್ಟೇ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನು ಸ್ಪಷ್ಟವಾಗಿ ಹೇಳಿದೆ. ವಿಧಿ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಮದುವೆ ಅಲ್ಲ. ವೀಸಾಕ್ಕೆ ಅಂತ ಮುಂಚೆ ನೋಂದಣಿ ಮಾಡಿಸುವ ರೂಢಿಯನ್ನೂ ಆ ತೀರ್ಪು ಹೆಸರೆತ್ತಿ ಖಂಡಿಸಿದೆ. 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಬೇರೆ. ಅಲ್ಲಿ 30 ದಿನದ ನೋಟಿಸ್ ಆಗಿ, ಅಧಿಕಾರಿಯ ಎದುರು ನಡೆಯುವುದೇ ಮದುವೆ.

ಮುಂಚಿತ ನೋಂದಣಿಯಿಂದ ಕೆನಡಾದಲ್ಲಿ ಇನ್ನೂ ದೊಡ್ಡ ಪೆಟ್ಟು ಬೀಳಬಹುದು. ಹುಡುಗ ತಾನು ಅವಿವಾಹಿತ ಅಂತ ಹೇಳಿ ಪಿಆರ್ ಪಡೆದಿದ್ದಾನೆ ಅಂದುಕೊಳ್ಳಿ. ಅದಕ್ಕೂ ಹಿಂದಿನ ತಾರೀಖಿನ ಮದುವೆ ಸರ್ಟಿಫಿಕೇಟ್ ಈಗ ಹೊರಬಂದರೆ, ಆಗ ತೋರಿಸದ ಹೆಂಡತಿಯನ್ನು ಕುಟುಂಬದ ಲೆಕ್ಕದಲ್ಲಿ ಕರೆಸುವುದಕ್ಕೆ ಅವರ ನಿಯಮ 117(9)(ಡಿ) ಅಡ್ಡ ಬರುತ್ತದೆ. ಇವರ ಮನೆಯಲ್ಲಿ ಆ ತೊಂದರೆ ಕಾಣುವುದಿಲ್ಲ, ಆದರೂ ತಾರೀಖುಗಳನ್ನು ಒಮ್ಮೆ ನೋಡಿಕೊಳ್ಳಿ.

ಭಟ್ಕಳ, ಹೊನ್ನಾವರದ ಮುಸ್ಲಿಂ ಮನೆಗಳಿಗೆ ಒಂದು ಮಾತು. ಹುಡುಗ ವಿದೇಶದಲ್ಲಿದ್ದು ಫೋನಿನಲ್ಲೋ, ತನ್ನ ಬದಲು ನಿಂತ ಪ್ರತಿನಿಧಿಯ ಮೂಲಕವೋ ನಿಕಾಹ್ ಆದರೆ 2015ರ ಜೂನ್‌ನಿಂದ ಕೆನಡಾ ಅದನ್ನು ವಲಸೆಗೆ ಒಪ್ಪುವುದಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಹಾಜರಿರಬೇಕು. ರಜೆ ಹೊಂದಿಸಿಕೊಂಡು ಬರುವುದೇ ಒಳ್ಳೆಯದು.

ಹುಲೇಕಲ್ ರಸ್ತೆಯವರೇ, ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟ್‌ನಲ್ಲಿ ಮದುವೆಯ ತಾರೀಖು, ನೋಂದಣಿಯ ತಾರೀಖು ಬೇರೆ ಬೇರೆ ಇರುತ್ತವೆ. ಫಾರಂಗಳಲ್ಲಿ ಮದುವೆಯ ತಾರೀಖನ್ನೇ ಬರೆಯಿರಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಒಂದರಲ್ಲಿ 'ಹೆಗಡೆ', ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದರೆ ಈಗಲೇ ಸರಿಮಾಡಿಸಿ.

ಹುಲೇಕಲ್ ರಸ್ತೆ:

ಅಕ್ಕಾ, ವಕೀಲರೇ, ತಮ್ಮಾ, ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಓದುತ್ತಾ ಆಯಿಗೂ ಓದಿ ಹೇಳಿದೆ. ಏಜೆಂಟ್‌ಗೆ ಬೇಡ ಅಂತ ಅಪ್ಪನೇ ಫೋನ್ ಮಾಡಿದರು.

ಮದುವೆ ಸರ್ಟಿಫಿಕೇಟ್‌ನಲ್ಲಿ ಹೆಸರು ಸರಿ ಇದೆ. ಇವರಿಗೆ ಪಿಆರ್ ಆಗಿದ್ದು ಮದುವೆಯ ಮಾತು ಬರುವುದಕ್ಕೂ ತುಂಬಾ ಮೊದಲು. ತೆರಿಗೆ ಇಲಾಖೆಗೆ ತಿಳಿಸಿದ್ದಾರಾ ಅಂತ ಕೇಳಿದೆ. ತಿಳಿಸಿದ್ದಾರಂತೆ, ನನಗೆ ಹೇಳಿರಲಿಲ್ಲ ಅಷ್ಟೇ. ನಮ್ಮಲ್ಲಿ ಮುಯ್ಯಿ ಪಟ್ಟಿ ಇಲ್ಲ, ಮದುವೆಗೆ ಕರೆದ ಕಾಗದದಲ್ಲೇ ಉಡುಗೊರೆ ಬೇಡ ಅಂತ ಹಾಕಿಸಿದ್ದೆವು. ಆದರೆ ಅಪ್ಪ ಖರ್ಚಿನ ಪುಸ್ತಕ ಇಟ್ಟಿದ್ದಾರೆ. ಬಾಳೆ ಎಲೆಯಿಂದ ಹಿಡಿದು ವಾಲಗದವರವರೆಗೆ ಎಲ್ಲ ತಾರೀಖು ಸಮೇತ ಇದೆ. ಅದನ್ನು ಹಾಕಬಹುದಾ? ಇನ್ನೊಂದು, ಆಧಾರ್ ವಿಳಾಸವನ್ನು ಈಗಲೇ ಕುಮಟಾಕ್ಕೆ ಬದಲಿಸಿ ಬಿಡಬೇಕಾ?

ಶರಾವತಿ ದಂಡೆ:

ಖರ್ಚಿನ ಪುಸ್ತಕ ಖಂಡಿತ ಹಾಕು, ಅದು ಇನ್ನೂ ಒಳ್ಳೆಯದು. ಮದುವೆಯ ವಾರದ ಪುಟಗಳಷ್ಟೇ ಸಾಕು. ಅದರಲ್ಲಿರುವ ಶಾಮಿಯಾನ, ಅಡುಗೆಯ ಮೊತ್ತ ಬಿಲ್ಲಿನ ಜೊತೆ ಹೊಂದುವ ಪುಟ ಇದ್ದರೆ ಅದನ್ನೇ ಆರಿಸು.

ಆಧಾರ್‌ಗೆ ಅವಸರ ಬೇಡ. ನೀನು ಎಲ್ಲಿ ಇದ್ದೆಯೋ ಅದನ್ನೇ ಬರೆ. ಐಎಂಎಂ 5669 ಫಾರಂ ಹಿಂದಿನ 10 ವರ್ಷದ ವಿಳಾಸ ಕೇಳುತ್ತದೆ, ನಡುವೆ ಒಂದು ತಿಂಗಳೂ ಖಾಲಿ ಬಿಡುವ ಹಾಗಿಲ್ಲ. ಕುಮಟಾದಲ್ಲಿದ್ದ ತಿಂಗಳು ಕುಮಟಾ, ಹುಲೇಕಲ್‌ನಲ್ಲಿದ್ದ ತಿಂಗಳು ಹುಲೇಕಲ್. ಹಾಸ್ಟೆಲ್‌ನಲ್ಲಿ ಓದಿದ್ದರೆ ಅದೂ ಬರಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ ಹಾಕುವಾಗ ಸದ್ಯ ಇರುವ ಮನೆಯ ವಿಳಾಸವನ್ನೇ ಕೊಡು.

ಅರ್ಜಿ ಹೋದ ಮೇಲೂ ಕಾಗದ ಸೇರಿಸಬಹುದು, ಅವರ ವೆಬ್‌ಫಾರಂ ಇದೆ. ದೀಪಾವಳಿಗೆ ನಿನ್ನ ಗಂಡ ಬಂದರೆ ಟಿಕೆಟ್, ಹಬ್ಬದ ಫೋಟೋ ಕಳಿಸು. ಯಾವ ದಿನ ತೆಗೆದದ್ದೋ ಅದೇ ತಾರೀಖು ಹಾಕು. ಅನುವಾದ ಮಾಡುವವರು ಶಿರಸಿಯಲ್ಲಿ ಸಿಗದಿದ್ದರೆ ಹೇಳು, ನಮಗೆ ಮಾಡಿಕೊಟ್ಟವರನ್ನು ಕೇಳಿ ತಿಳಿಸುತ್ತೇನೆ.